ವಾಪಸು ಹೋದ ಪರಂಗಿಗೆ ಕಾಲಂ ಇಲ್ಲ

ಮಾನ್ಯ ಹಣ್ಣು ಪೂರೈಕೆ ನಿರ್ದೇಶಕರೇ,

ದೇಶದಲ್ಲಿ ಪರಂಗಿ ಹಣ್ಣಿನ ಪೂರೈಕೆ ಕಳೆದ ಆರು ವರ್ಷಗಳಲ್ಲಿ ಶೇಕಡಾ ನಲವತ್ತೊಂದರಷ್ಟು ಏರಿದೆ ಎಂದು ತಾವು ಈ ಸಾಲಿನ ವರದಿಯಲ್ಲಿ ಅಚ್ಚು ಹಾಕಿಸಿದ್ದೀರಿ. ಅದು ಸುಳ್ಳು. ಬೇಕೆಂದೇ ಹೇಳಿದ ಸುಳ್ಳು ಎನ್ನುತ್ತಿಲ್ಲ. ಅಷ್ಟು ಶ್ರಮ ತೆಗೆದುಕೊಂಡಿದ್ದರೆ ಎಲ್ಲಾದರೂ ಒಂದು ಕಡೆ ನಿಜವೂ ತಮ್ಮ ಕಣ್ಣಿಗೆ ಬಿದ್ದಿರುತ್ತಿತ್ತು. ಸುಳ್ಳೆಂದು ನಿನಗೆ ಹೇಗೆ ಗೊತ್ತು ಎಂದು ಕೇಳುವಿರಾದರೆ, ಅದರ ದೊಡ್ಡದೊಂದು ಪಾಲನ್ನು ತೂಗಿ, ಬರೆದು, ಕೆಳಗೆ ಸಹಿ ಹಾಕಿ ತಮ್ಮ ಕಚೇರಿಗೆ ಕಳಿಸಿದವಳು ನಾನೇ. ತಪ್ಪೊಪ್ಪಿಗೆಯಿಂದ ಶುರುವಾಗುವ ದೂರುಗಳು ತಮ್ಮ ಟಪಾಲಿನಲ್ಲಿ ಹೆಚ್ಚು ಬರಲಾರವು. ಆದ್ದರಿಂದಲಾದರೂ ಕೊನೆಯವರೆಗೆ ಓದಿ.

ನಾನು ಸಗಟು ಹಣ್ಣಿನ ಮಾರುಕಟ್ಟೆಯ ಉತ್ತರ ಗೇಟಿನಲ್ಲಿ ತೂಕದವಳು. ಲಾರಿಗಳನ್ನು ಸರಕಿನ ಸಮೇತ ತೂಗುವ ಉಕ್ಕಿನ ಹಾಸು, ಅದರ ಪಕ್ಕ ಗಾಜಿನ ಕಿಟಕಿಯ ಒಂದು ಕೋಣೆ, ಕೋಣೆಯೊಳಗೆ ಒಂದು ಚಕ್ರ ಕಳಚಿಹೋದ ಕುರ್ಚಿ, ಕುರ್ಚಿಯಲ್ಲಿ ನಾನು. ಹತ್ತೊಂಬತ್ತು ವರ್ಷವಾಯಿತು. ಲಾರಿ ಹಾಸಿನ ಮೇಲೆ ನಿಂತರೆ ನನ್ನ ಕಾಲಡಿಯ ನೆಲ ಸಣ್ಣಗೆ ಅದುರುತ್ತದೆ. ಆ ಅದುರಿನಲ್ಲೇ ಒಳಗಿರುವುದು ಬಾಳೆಯೋ ಅನಾನಸೋ ಎಂದು ಹೇಳಬಲ್ಲೆ ಎಂದು ಚಾಲಕರು ನನ್ನನ್ನು ಹಾಸ್ಯ ಮಾಡುತ್ತಾರೆ. ಹೇಳಲಾರೆ. ಆದರೆ ಹಾಸ್ಯವನ್ನು ಅಲ್ಲಗಳೆದಿಲ್ಲ. ಒಂದೊಂದು ಲಾರಿಗೂ ಮೂರು ಪ್ರತಿಯ ಒಂದು ಆವಕ ಚೀಟಿ ಹರಿಯುತ್ತೇನೆ. ಬಿಳಿಯದು ಚಾಲಕನಿಗೆ, ಹಳದಿಯದು ಮಾರುಕಟ್ಟೆಗೆ, ಗುಲಾಬಿ ಬಣ್ಣದ್ದು ತಮಗೆ. ತಮ್ಮ ವರದಿಯ ಪ್ರತಿ ಕೋಷ್ಟಕದ ಅಡಿಯಲ್ಲೂ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ‘ಆಧಾರ: ಆವಕ ಚೀಟಿಗಳು’ ಎಂದು ಇರುತ್ತದಲ್ಲ, ಆ ಇರುವೆ ನಾನು.

ಈ ಪತ್ರವನ್ನು ಬೆಳಗಿನಿಂದ ಲಾರಿ ಲಾರಿಯ ನಡುವೆ ಬರೆಯುತ್ತಿದ್ದೇನೆ. ಕೂತು ನಾಲ್ಕು ಸಾಲು ಬರೆಯುವಷ್ಟರಲ್ಲಿ ಹಾರನ್ನು. ಎದ್ದು ಹೋಗಿ ಬಂದರೆ ಎಲ್ಲಿಗೆ ನಿಲ್ಲಿಸಿದ್ದೆ ಎಂಬುದೇ ಮರೆತಿರುತ್ತದೆ. ಅಲ್ಲಲ್ಲಿ ಎಳೆ ತಪ್ಪಿದ್ದರೆ ಮನ್ನಿಸಿ. ಮನಸ್ಸೂ ಒಂದು ಕಡೆ ನಿಲ್ಲುತ್ತಿಲ್ಲ. ಅದಕ್ಕೆ ಕಾರಣವನ್ನೂ ಹೇಳುತ್ತೇನೆ.

ಆರು ವರ್ಷದ ಹಿಂದಿನವರೆಗೆ ನಾವು ಪ್ರತಿ ಲಾರಿಯನ್ನೂ ಎರಡು ಸಲ ತೂಗುತ್ತಿದ್ದೆವು. ಒಳಗೆ ಬರುವಾಗ ಒಂದು ಸಲ, ಹೊರಗೆ ಹೋಗುವಾಗ ಇನ್ನೊಂದು ಸಲ. ಎರಡರ ನಡುವಿನ ವ್ಯತ್ಯಾಸವೇ ಮಾರುಕಟ್ಟೆಯಲ್ಲಿ ಇಳಿದ ಹಣ್ಣು. ಒಂದನೇ ತರಗತಿಯ ಮಗುವಿಗೂ ತಿಳಿಯುವ ಕಳೆಯುವ ಲೆಕ್ಕ. ಆಮೇಲೆ ತಮ್ಮ ಕಚೇರಿಯಿಂದ ‘ದಟ್ಟಣೆ ನಿವಾರಣೆ ಹಾಗೂ ಕಾರ್ಯವಿಧಾನದ ಸರಳೀಕರಣ’ ಎಂಬ ಸುತ್ತೋಲೆ ಬಂತು. ಹೊರಹೋಗುವ ಲಾರಿಗಳನ್ನು ತೂಗಬೇಕಾಗಿಲ್ಲ. ಖಾಲಿ ಲಾರಿಯ ತೂಕ ಅದರ ನೋಂದಣಿ ಪತ್ರದಲ್ಲಿಯೇ ಇರುವುದರಿಂದ ಅದನ್ನೇ ಕಳೆಯತಕ್ಕದ್ದು ಎಂದು. ನಿಜ ಹೇಳಬೇಕೆಂದರೆ ಅಂದು ನನಗೆ ಖುಷಿಯೇ ಆಯಿತು. ಅರ್ಧ ಕೆಲಸ ಕಡಿಮೆಯಾಯಿತಲ್ಲ! ಹೊರಗೆ ಹೋಗುವ ಲಾರಿ ಖಾಲಿಯಾಗಿಯೇ ಹೋಗುತ್ತದೆ ಎಂದು ತಾವು ಯಾಕೆ ನಂಬಿದಿರಿ ಎಂದು ನಾನು ಕೇಳಲಿಲ್ಲ. ತುಂಬಿದ ಲಾರಿಯೂ ಹೊರಗೆ ಹೋಗಬಹುದೆಂದು ನಾನೂ ಆಗ ಯೋಚಿಸಿರಲಿಲ್ಲ. ಆ ಕಾಲದಲ್ಲಿ ಹಾಗೆ ಹೋಗುತ್ತಿದ್ದದ್ದು ನೂರಕ್ಕೆ ಎರಡೋ ಮೂರೋ.

ಅದೇ ವರ್ಷ ಪರಂಗಿಗೆ ಉಂಗುರ ಚುಕ್ಕೆಯ ನಂಜುರೋಗ ಬಂತು.

ಇದು ಎಂಥ ರೋಗ ಎಂದು ತಮಗೆ ಯಾರಾದರೂ ಹೇಳಿದ್ದಾರೋ ಇಲ್ಲವೋ. ಎಲೆ ಹಳದಿಯಾಗಿ ಮುರುಟಿಕೊಳ್ಳುತ್ತದೆ. ಹಣ್ಣಿನ ಸಿಪ್ಪೆಯ ಮೇಲೆ ಒದ್ದೆ ಲೋಟ ಇಟ್ಟೆತ್ತಿದ ಹಾಗೆ ಉಂಗುರ ಉಂಗುರ ಗುರುತು. ಕೊಯ್ದರೆ ಬಣ್ಣವಿದೆ, ಸಿಹಿಯಿಲ್ಲ. ನೀರಲ್ಲಿ ನೆನೆಸಿದ ರಟ್ಟು ತಿಂದಂತೆ. ಅಂಥ ಹಣ್ಣನ್ನು ಮಂಡಿಯವರು ಕೊಳ್ಳುವುದಿಲ್ಲ. ಕ್ರೇಟಿನ ಮೇಲಿನ ನಾಲ್ಕು ಹಣ್ಣು ತಿರುಗಿಸಿ ನೋಡಿ, ಬೇಡ ಎಂದು ತಲೆಯಾಡಿಸುತ್ತಾರೆ. ಲಾರಿ ತುಂಬಿದ್ದು ತುಂಬಿದಂತೆಯೇ ಹೊರಗೆ ಹೋಗುತ್ತದೆ. ಎಲ್ಲಿಗೆ? ಮಾರನೆಯ ದಿನ ಬೇರೆ ಮಂಡಿಯವರು ಕರಗಬಹುದೆಂದು ಮತ್ತೆ ಇಲ್ಲಿಗೇ. ಅಂದೂ ಮಾರಾಟವಾಗದಿದ್ದರೆ ಹೆದ್ದಾರಿಯ ಪಕ್ಕದ ತಿರುಳು ತೆಗೆಯುವ ಕಾರ್ಖಾನೆಗೆ. ಆ ಗೇಟಿನಲ್ಲೂ ತೂಕವಿದೆ, ಅಲ್ಲೂ ತಮ್ಮದೇ ಗುಲಾಬಿ ಚೀಟಿ. ಸಿಹಿ ಸಾಲದೆಂದು ಕಾರ್ಖಾನೆಯೂ ಬೇಡವೆಂದರೆ ಮೂರನೇ ಸಲ ಮತ್ತೆ ನನ್ನ ಕಿಟಕಿಯ ಮುಂದೆ. ಪ್ರತಿ ಸಲವೂ ‘ಆವಕ’. ಒಂದೇ ಹಣ್ಣು ತಮ್ಮ ಪುಸ್ತಕದಲ್ಲಿ ಮೂರು ಹಣ್ಣು, ಕೆಲವೊಮ್ಮೆ ನಾಲ್ಕು. ಸಿಹಿಯಾದ ಹಣ್ಣು ಒಂದೇ ಸಲ ಬಂದು ಮಾರಾಟವಾಗಿ ಹೋಗುತ್ತದೆ, ಪಾಪ, ದೇಶದ ಪ್ರಗತಿಗೆ ಅದರ ಕೊಡುಗೆ ಅಷ್ಟೇ. ಕೆಟ್ಟ ಹಣ್ಣು ಹಾಗಲ್ಲ. ಎಷ್ಟು ಕೆಡುತ್ತದೋ ಅಷ್ಟು ಸಲ ಬರುತ್ತದೆ, ಎಷ್ಟು ಸಲ ಬರುತ್ತದೋ ಅಷ್ಟು ಪೂರೈಕೆ ಏರುತ್ತದೆ. ಈ ಲೆಕ್ಕದಲ್ಲಿ ಇಡೀ ದೇಶದ ಪರಂಗಿ ಒಂದು ವರ್ಷ ಪೂರ್ತಿ ಕೆಟ್ಟುಹೋದರೆ ಅದೇ ತಮ್ಮ ಇಲಾಖೆಯ ಸುವರ್ಣ ವರ್ಷವಾಗುವುದಿಲ್ಲವೇ? ಪೂರೈಕೆ ಏರಿದರೂ ಅಂಗಡಿಯಲ್ಲಿ ಒಳ್ಳೆಯ ಹಣ್ಣು ಸಿಗುತ್ತಿಲ್ಲವೇಕೆ ಎಂಬುದಕ್ಕೆ ವರದಿಯ ಹದಿನೇಳನೇ ಪುಟದಲ್ಲಿ ‘ಗ್ರಾಹಕರ ಅಭಿರುಚಿಯಲ್ಲಾದ ಬದಲಾವಣೆ’ ಎಂದು ಬರೆಸಿದ್ದೀರಿ. ಸಿಹಿ ಹಣ್ಣೇ ಬೇಕೆನ್ನುವುದು ಯಾವಾಗಿನಿಂದ ಬದಲಾದ ಅಭಿರುಚಿಯಾಯಿತು?

ಇದೆಲ್ಲ ಆರು ವರ್ಷ ನನ್ನ ಕಣ್ಣೆದುರೇ ನಡೆಯಿತು. ಹಾಗಾದರೆ ಆಗಲೇ ಯಾಕೆ ಹೇಳಲಿಲ್ಲ? ಈ ಪ್ರಶ್ನೆ ತಾವು ಕೇಳುವ ಮೊದಲೇ ನನ್ನ ತಂಗಿ ಕೇಳಿದ್ದಾಳೆ.

ನನ್ನ ತಂಗಿ ತಮ್ಮ ಇಲಾಖೆಯವಳೇ. ಊರಾಚೆಯ ಪರಂಗಿ ಸಸಿಮನೆಯನ್ನು ಹದಿನಾಲ್ಕು ವರ್ಷ ನೋಡಿಕೊಂಡವಳು. ನಂಜನ್ನು ಗಿಡದಿಂದ ಗಿಡಕ್ಕೆ ಹೊತ್ತು ತರುವುದು ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಗಿಡಹೇನು. ಅದು ನುಸುಳದಂಥ ನವಿರಾದ ಬಲೆಯ ಕೆಳಗೆ ಅವಳು ಸಸಿ ಎಬ್ಬಿಸಿ ಬೆಳೆಗಾರರಿಗೆ ಕೊಡುತ್ತಿದ್ದಳು. ಒಳಗೆ ಹೋಗಲು ಎರಡು ಬಾಗಿಲು. ಒಂದು ಮುಚ್ಚದೆ ಇನ್ನೊಂದು ತೆರೆಯುವಂತಿಲ್ಲ. ನಾನು ಒಮ್ಮೆ ಹಳದಿ ಸೀರೆ ಉಟ್ಟು ಹೋಗಿದ್ದಕ್ಕೆ, ಹೇನಿಗೆ ಹಳದಿ ಬಣ್ಣ ಕಂಡರೆ ಪ್ರಾಣ ಎಂದು ಬೈದು ಬಾಗಿಲಲ್ಲೇ ನಿಲ್ಲಿಸಿದ್ದಳು. ರೋಗ ಬಂದ ಮೇಲೆ ಅವಳು ಇನ್ನೊಂದು ಕೆಲಸಕ್ಕೆ ಕೈ ಹಾಕಿದಳು. ರೋಗ ತಗುಲಿದರೂ ಸಿಹಿ ಬಿಡದ ಗಿಡಗಳು ಸಾವಿರಕ್ಕೊಂದು ಇರುತ್ತವಂತೆ. ತೋಟ ತೋಟ ಸುತ್ತಿ ಅಂಥವನ್ನು ಹುಡುಕಿ, ಬೀಜ ತಂದು, ಬೆಳೆಸಿ, ಅವುಗಳಲ್ಲಿ ಮತ್ತೆ ಆರಿಸಿ, ಮತ್ತೆ ಬೆಳೆಸಿ, ಕೊನೆಗೆ ಇನ್ನೂರ ಹನ್ನೆರಡು ತಾಯಿಗಿಡಗಳನ್ನು ಉಳಿಸಿಕೊಂಡಿದ್ದಳು. ಮದುವೆಯಾಗು ಎಂದವರಿಗೆಲ್ಲ, “ಈ ಸಾಲಿನ ಗಿಡ ಕಾಯಿ ಬಿಡಲಿ, ಆಮೇಲೆ ನೋಡೋಣ” ಅನ್ನುತ್ತಿದ್ದಳು. ನಾವಿಬ್ಬರೂ ಒಂದೇ ಮನೆಯಲ್ಲಿರುವುದು. ಎರಡು ಕೋಣೆ, ಒಂದು ಅಡುಗೆಮನೆ, ಕಿಟಕಿಯ ಅಂಚಿನ ತುಂಬ ಅವಳ ಬೀಜದ ಬಾಟಲಿಗಳು.

ನಾಲ್ಕು ತಿಂಗಳ ಹಿಂದೆ ಒಂದು ಸಂಜೆ ಅವಳು ಕೈಯಲ್ಲಿ ಒಂದು ಆದೇಶ ಹಿಡಿದು ಬಂದಳು. ಚಪ್ಪಲಿಯನ್ನೂ ಬಿಡದೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಓದಿದಳು: ‘ದೇಶೀಯ ಪರಂಗಿ ಪೂರೈಕೆಯು ಸತತ ಆರು ವರ್ಷಗಳಿಂದ ಏರುಗತಿಯಲ್ಲಿರುವುದನ್ನು ಗಮನಿಸಿ, ಸಸಿ ಉತ್ಪಾದನೆಯ ಅಗತ್ಯವು ಇನ್ನು ಮುಂದೆ ಇರುವುದಿಲ್ಲವೆಂದು ತೀರ್ಮಾನಿಸಲಾಗಿದೆ.’ ಸಸಿಮನೆ ಮುಚ್ಚತಕ್ಕದ್ದು, ಗಿಡಗಳನ್ನು ತೆರವುಗೊಳಿಸತಕ್ಕದ್ದು, ಅವಳು ಟಪಾಲು ವಿಭಾಗಕ್ಕೆ ಹಾಜರಾಗತಕ್ಕದ್ದು.

“ಏರ್ತಾ ಇದೆಯಂತೆ ಅಕ್ಕಾ,” ಅಂದಳು. “ಊರೂರು ಸುತ್ತಿದ್ದೀನಿ ನಾನು. ತೋಟಗಳೇ ಬೋಳಾಗ್ತಾ ಇವೆ. ಏರೋದು ಎಲ್ಲಿಂದ?”

ಹಾಳೆ ತಿರುಗಿಸಿದಳು. ಹಿಂದೆ ಕೋಷ್ಟಕ, ಕೋಷ್ಟಕದ ಅಡಿಯಲ್ಲಿ ಆ ಸಣ್ಣ ಅಕ್ಷರ. ಕಣ್ಣಿನ ಹತ್ತಿರ ಹಿಡಿದು ಓದಿದಳು. ಆಮೇಲೆ ನನ್ನ ಕಡೆ ನೋಡಿದಳು.

“ಆವಕ ಚೀಟಿ ಅಂದ್ರೆ ನೀನು ಹರಿಯೋದು ತಾನೆ?”

“ಹೂಂ.”

“ನಮ್ಮ ಪರಂಗಿ ಜಾಸ್ತಿ ಬರ್ತಾ ಇದೆಯಾ ನಿನ್ನ ಗೇಟಿಗೆ?”

ನಾನು ಬಾಯಿ ತೆರೆದೆ. ಬರುತ್ತಿದೆ ಎಂದು ಹೇಳಲು ಹೊರಟವಳು ಅರ್ಧಕ್ಕೇ ನಿಂತೆ. ದಿನಕ್ಕೆ ಹತ್ತು ಸಲ ನೋಡಿಯೂ ನೋಡದ ಸಂಗತಿ ಆ ಒಂದು ಗಳಿಗೆಯಲ್ಲಿ ತಲೆಗೆ ಬಂತು. “ಬರುತ್ತೆ,” ಅಂದೆ. “ಬಂದು ವಾಪಸ್ ಹೋಗುತ್ತೆ. ಮತ್ತೆ ಬರುತ್ತೆ.”

“ಮತ್ತೆ ಬಂದಾಗ್ಲೂ ಚೀಟಿ ಹರೀತೀಯಾ?”

“ಹರಿಯದೇ ಗೇಟ್ ತೆಗೆಯೋ ಹಾಗಿಲ್ಲ ಕಣೇ.”

“ಆರು ವರ್ಷದಿಂದ?”

ಅವಳು ಕೂಗಾಡಿದ್ದರೆ ನನಗೆ ಹಗುರವಾಗುತ್ತಿತ್ತು. ಕೂಗಾಡಲಿಲ್ಲ. ಆದೇಶವನ್ನು ಮಡಿಸಿ, ಒಳಗೆ ಹೋಗಿ, ಬಾಗಿಲು ಹಾಕಿಕೊಂಡಳು. ಹನ್ನೊಂದು ದಿನ ನನ್ನೊಡನೆ ಮಾತಾಡಲಿಲ್ಲ. ನಾನು ಮಾಡಿಟ್ಟದ್ದನ್ನು ಉಣ್ಣುತ್ತಿದ್ದಳು, ತಟ್ಟೆ ತೊಳೆದಿಡುತ್ತಿದ್ದಳು, ನನ್ನ ಒಗೆದ ಬಟ್ಟೆಯನ್ನೂ ಮಡಿಸಿಡುತ್ತಿದ್ದಳು. ಮಾತೊಂದಿಲ್ಲ. ತಾವು ಮನೆಯಲ್ಲಿ ಅಂಥ ಹನ್ನೊಂದು ದಿನ ಕಳೆದಿದ್ದೀರಾ ನಿರ್ದೇಶಕರೇ? ಪೂರೈಕೆ ಏರಿದ ಪರಿಣಾಮಗಳ ಅಧ್ಯಾಯದಲ್ಲಿ ಅದಕ್ಕೂ ಒಂದು ಸಾಲು ಸಿಗಬಹುದಿತ್ತು.

ಆ ದಿನಗಳಲ್ಲಿ ನಾನು ಕೋಣೆಯಲ್ಲಿ ಕೂರಲಾರದೆ ಹೋದೆ. ಪ್ರತಿ ಪರಂಗಿ ಲಾರಿಗೂ ಎದ್ದು ಹೊರಗೆ ಹೋಗಿ ಟಾರ್ಪಾಲು ಎತ್ತಿ ನೋಡತೊಡಗಿದೆ. ಯಾವ ಕಾಲದಲ್ಲೂ ಕುತ್ತಿಗೆಯಿಂದ ಮಫ್ಲರ್ ತೆಗೆಯದ ಒಬ್ಬ ಚಾಲಕನಿದ್ದಾನೆ; ಎಲ್ಲರಿಗೂ ಅವನು ಮಫ್ಲರಣ್ಣ. ಒಂದು ಸೋಮವಾರ ಬೆಳಿಗ್ಗೆ ಬಂದ. ಮಂಗಳವಾರ ಬಂದ. ಗುರುವಾರ ಮತ್ತೆ ಬಂದು ಹಾಸಿನ ಮೇಲೆ ಗಾಡಿ ನಿಲ್ಲಿಸಿದ. ಮೇಲಿನ ಕ್ರೇಟಿನಲ್ಲಿ ಮೂಗು ಡೊಂಕಾದ ಒಂದು ಹಣ್ಣಿತ್ತು; ಅದನ್ನು ನಾನು ಸೋಮವಾರವೇ ನೋಡಿದ್ದೆ.

“ಏನಣ್ಣಾ, ಮೊನ್ನೆ ತಾನೆ ಬಂದಿದ್ದೆಯಲ್ಲ?”

“ನಾನೆಲ್ಲಿ ಬರ್ತೀನಕ್ಕ, ಹಣ್ಣು ಕರ್ಕೊಂಡು ಬರುತ್ತೆ. ಮಂಡಿಯವರು ಬೇಡ ಅಂದ್ರು. ಫ್ಯಾಕ್ಟರಿಯವರು ಮುಟ್ಟಿ ನೋಡಿ ಕೈ ತೊಳ್ಕೊಂಡ್ರು. ನೀನೊಬ್ಬಳೇ ನೋಡು, ನಗ್ತಾ ನಗ್ತಾ ತೂಗಿ ಚೀಟಿ ಕೊಡೋಳು.”

“ನಾನು ಕೊಡೋ ಚೀಟಿಯಿಂದ ಏನಾಗುತ್ತೆ ಗೊತ್ತಾ ನಿಂಗೆ?”

“ಗೇಟ್ ತೆಗೀತಾರೆ,” ಅಂದ. ಆಮೇಲೆ ಸ್ಟೀರಿಂಗಿನ ಮೇಲೆ ಗದ್ದ ಊರಿ ಕೇಳಿದ: “ಅಲ್ಲಕ್ಕ, ಯಾರೂ ತಗೊಳ್ಳಲ್ಲ ಅಂದ್ಮೇಲೆ ಯಾಕೆ ತೂಗೋದು?”

ಈ ಪ್ರಶ್ನೆಯನ್ನು ತಮಗೆ ದಾಟಿಸುತ್ತಿದ್ದೇನೆ. ಅಂದು ನಾನು ಗುಲಾಬಿ ಚೀಟಿಯ ಅಂಚಿನಲ್ಲಿ ಕೈಬರಹದಲ್ಲಿ ‘ವಾಪಸು ಸರಕು, ಮೂರನೇ ಸಲ’ ಎಂದು ಬರೆದು ಕಳಿಸಿದೆ.

ಹನ್ನೆರಡನೇ ದಿನ ಮಧ್ಯಾಹ್ನ ತಂಗಿ ನನ್ನ ಕೋಣೆಯ ಬಾಗಿಲಲ್ಲಿ ಬಂದು ನಿಂತಳು. ಒಂದು ಕೈಯಲ್ಲಿ ಊಟದ ಡಬ್ಬಿ, ಇನ್ನೊಂದು ಕೈಯಲ್ಲಿ ಹೊಸ ನೋಟ್‌ಬುಕ್ಕು. “ಆ ಕಡೆ ಜರುಗು,” ಅಂದಳು. ನಾನು ಜರುಗಿದೆ. ಅಷ್ಟೇ ರಾಜಿ. ಉಳಿದಿದ್ದ ರಜೆಯನ್ನೆಲ್ಲ ಒಟ್ಟಿಗೆ ಹಾಕಿ ಬಂದಿದ್ದಳು. ಮೂವತ್ತು ದಿನ ನಾವಿಬ್ಬರೂ ಆ ಕೋಣೆಯಲ್ಲಿ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಕೂತೆವು. ಲಾರಿ ಬಂದರೆ ಅವಳು ಹತ್ತಿ ಹಣ್ಣು ನೋಡುವಳು, ಚಾಲಕನನ್ನು ಕೇಳುವಳು, ಹೊಸದೋ ಹಳೆಯದೋ ಬರೆದುಕೊಳ್ಳುವಳು. ಕ್ರೇಟಿನ ನಡುವೆ ಸಿಕ್ಕಿಕೊಂಡ ಒಂದು ಬಾಡಿದ ಎಲೆಯನ್ನು ಎತ್ತಿ ಹಿಡಿದು ಯಾವ ದಿಕ್ಕಿನ ತೋಟದ್ದೆಂದು ಹೇಳಿಬಿಡುವಳು. ಮೊದಮೊದಲು ಗೊಣಗಿದ ಚಾಲಕರು ಆಮೇಲೆ ತಾವಾಗಿಯೇ ಕಿಟಕಿಯಿಂದ ಕೂಗಿ ಹೇಳುತ್ತಿದ್ದರು: “ಎರಡನೇ ಸಲ ತಂಗ್ಯವ್ವಾ, ಬರ್ಕೋ!”

ಮೂವತ್ತು ದಿನದ ಫಲ ಇದು: ಪರಂಗಿಯೆಂದು ನಾನು ತೂಗಿದ ಪ್ರತಿ ನೂರು ಟನ್ನಿನಲ್ಲಿ ನಲವತ್ಮೂರು ಟನ್ನು ಮೊದಲೇ ಒಮ್ಮೆ ತೂಗಿದ್ದು. ಆರು ವರ್ಷದ ಹಿಂದೆ ನೂರು ಇದ್ದದ್ದು ಈಗ ನೂರ ನಲವತ್ತೊಂದಾಗಿದೆ ಎನ್ನುತ್ತದೆ ತಮ್ಮ ಪುಸ್ತಕ. ಎರಡು ಸಲ ಎಣಿಸಿದ್ದನ್ನು ತೆಗೆದರೆ ಉಳಿಯುವುದು ಎಂಬತ್ತು. ಏರಿಲ್ಲ ಸ್ವಾಮಿ, ಐದರಲ್ಲೊಂದು ಪಾಲು ಹೋಗಿದೆ. ಈ ಎಂಬತ್ತರಲ್ಲೂ ತಿನ್ನಲು ಯೋಗ್ಯವಾದದ್ದು ಎಷ್ಟು ಎಂಬುದನ್ನು ನಾವು ಲೆಕ್ಕ ಹಾಕಲಿಲ್ಲ. ಇದು ಒಂದು ಗೇಟಿನ ಒಂದು ತಿಂಗಳ ಕತೆ, ಉಳಿದ ಗೇಟುಗಳದ್ದು ನನಗೆ ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳುವುದು ನನ್ನ ಕೆಲಸವಲ್ಲ. ಯಾರದೆಂದು ತಮ್ಮ ಕೋಣೆಯ ಬಾಗಿಲ ಮೇಲಿನ ಫಲಕದಲ್ಲಿ ಬರೆದಿದೆ.

ನೋಟ್‌ಬುಕ್ಕು ಹಿಡಿದು ನಾವು ತಮ್ಮ ಕಚೇರಿಗೆ ಬಂದೆವು. ತಾವು ಸಭೆಯಲ್ಲಿದ್ದಿರಿ. ಮೂರನೇ ಮಹಡಿಯಲ್ಲಿ, ಗೋಡೆಯ ಮೇಲೆ ಪರಂಗಿಯ ಏರುಗೆರೆಯನ್ನು ಬಣ್ಣದಲ್ಲಿ ಅಂಟಿಸಿದ ಒಂದು ಕೋಣೆಯಲ್ಲಿ ಒಬ್ಬ ಅಂಕಿಅಂಶ ಸಹಾಯಕರು ನಮ್ಮನ್ನು ಕೂರಿಸಿದರು. ಮನುಷ್ಯ ಒಳ್ಳೆಯವರು. ನೀರು ಕೊಟ್ಟರು. ನೋಟ್‌ಬುಕ್ಕನ್ನು ಪುಟ ಪುಟ ನೋಡಿದರು.

“ಮೇಡಂ, ಹಣ್ಣು ಗೇಟಿಗೆ ಬಂತೋ ಇಲ್ಲವೋ?”

“ಬಂತು. ಆದ್ರೆ ಅದೇ ಹಣ್ಣು ಹಿಂದಿನ ದಿನಾನೂ ಬಂದಿತ್ತು,” ಅಂದೆ.

“ಹಿಂದಿನ ದಿನದ್ದು ಹಿಂದಿನ ದಿನಕ್ಕೆ ಸೇರಿತಲ್ಲ. ಬಂದಿದ್ದು ಅಂದ್ರೆ ಬಂದಿದ್ದೇ.”

“ವಾಪಸ್ ಹೋಗಿದ್ದು?”

ಅವರು ಗುಲಾಬಿ ನಮೂನೆಯನ್ನು ಮುಂದೆ ತಿರುಗಿಸಿದರು, ಹಿಂದೆ ತಿರುಗಿಸಿದರು. “ವಾಪಸಿಗೆ ಕಾಲಂ ಇಲ್ಲ ಮೇಡಂ.”

“ಒಂದು ಹಾಕ್ಸಿ.”

“ನಮೂನೆ ಬದಲಾಗ್ಬೇಕಂದ್ರೆ ಸಮಿತಿ ಕೂರ್ಬೇಕು. ಅಂಕಿಅಂಶದಲ್ಲಿ ದೋಷ ಕಂಡುಬಂದ್ರೆ ಮಾತ್ರ ಸಮಿತಿ ಕೂರೋದು. ದೋಷ ಕಾಣೋದು ನಮೂನೆಯಲ್ಲಿ ತುಂಬಿದ ಮಾಹಿತಿಯಿಂದ.”

“ಆ ಮಾಹಿತಿಗೆ ಕಾಲಂ ಇಲ್ಲ.”

“ಇಲ್ಲ,” ಎಂದು ಒಪ್ಪಿಕೊಂಡರು. ಅವರಿಗೂ ಬೇಸರವಾದಂತಿತ್ತು.

ತಂಗಿ ಕೇಳಿದಳು: “ಸರ್, ನೀವು ಪರಂಗಿ ಹಣ್ಣು ತಿಂದು ಎಷ್ಟು ದಿನ ಆಯ್ತು?”

ಅವರು ನಿಜವಾಗಿಯೂ ಯೋಚಿಸಿದರು. “ತುಂಬಾ ದಿನ ಆಯ್ತು ಮೇಡಂ. ನಮ್ಮಮ್ಮನಿಗೆ ಅದಂದ್ರೆ ಇಷ್ಟ. ಆದ್ರೆ ಈಗೀಗ ಚೆನ್ನಾಗಿರೋದು ಎಲ್ಲಿ ಸಿ—”

ಮಾತು ಅಲ್ಲಿಗೇ ನಿಂತಿತು. ಅವರು ಗೋಡೆಯ ಮೇಲಿನ ಏರುಗೆರೆಯನ್ನು ನೋಡಿದರು, ನಾವೂ ನೋಡಿದೆವು. ಆಮೇಲೆ ಅವರು ನೋಟ್‌ಬುಕ್ಕಿನ ನಕಲು ತೆಗೆಸಿ, ಸ್ವೀಕರಿಸಿದ್ದಕ್ಕೆ ಮೊಹರು ಹಾಕಿ, ತಾರೀಕು ಬರೆದು ಕೊಟ್ಟರು. “ಇಷ್ಟು ನನ್ನ ಕೈಲಾಗೋದು,” ಅಂದರು. ಅವರ ಮೇಲೆ ದಯವಿಟ್ಟು ಯಾವ ಕ್ರಮವನ್ನೂ ಕೈಗೊಳ್ಳಬೇಡಿ. ಆ ಕಟ್ಟಡದಲ್ಲಿ ತಮ್ಮ ಸ್ವಂತ ಬಾಯಿಯ ಸಾಕ್ಷಿಯನ್ನು ಅಂಕಿಅಂಶವೆಂದು ಒಪ್ಪಿದ ಏಕೈಕ ವ್ಯಕ್ತಿ ಅವರು.

ತಮ್ಮ ಉತ್ತರ ಎರಡು ವಾರಕ್ಕೆ ಬಂತು. ನಮ್ಮ ಲೆಕ್ಕಕ್ಕಲ್ಲ. ಆವಕ ಚೀಟಿಗಳ ಅಂಚಿನಲ್ಲಿ ‘ಅನಧಿಕೃತ ಬರಹ’ ಬರೆದು ಸರ್ಕಾರಿ ನಮೂನೆಯನ್ನು ವಿರೂಪಗೊಳಿಸಿದ್ದೇಕೆಂದು ನನಗೆ ಕಾರಣ ಕೇಳುವ ನೋಟಿಸು. ವಿರೂಪ! ಎರಡು ತಿಂಗಳಿನಿಂದ ಬೇರೆ ಬೇರೆ ಲಾರಿಯ ಕೆಳಗೆ ನೆಲ ಅದುರಿದಾಗಲೆಲ್ಲ ಆ ಪದ ನೆನಪಾಗುತ್ತದೆ. ಆರು ವರ್ಷ ಸುಳ್ಳನ್ನು ದುಂಡಗಿನ ಅಕ್ಷರದಲ್ಲಿ ಬರೆದಾಗ ನಮೂನೆ ಸುಂದರವಾಗಿತ್ತು. ಅಂಚಿನಲ್ಲಿ ನಿಜ ಬರೆದ ದಿನ ಅದರ ರೂಪ ಕೆಟ್ಟಿತು.

ನೋಟಿಸು ಬಂದ ವಾರವೇ ಸಸಿಮನೆಯನ್ನು ತೆರವುಗೊಳಿಸಲು ಆಳುಗಳು ಬಂದರು. ಅಂದು ನಾನು ರಜೆ ಹಾಕಿ ತಂಗಿಯ ಜೊತೆ ಹೋಗಿದ್ದೆ. ಮೊದಲು ಬಲೆ ಕತ್ತರಿಸಿದರು. ಹದಿನಾಲ್ಕು ವರ್ಷ ಎರಡು ಬಾಗಿಲು ದಾಟಿ ಹೋಗಬೇಕಿದ್ದ ಕಡೆ ಆಳುಗಳು ಬಿಸಿಲಲ್ಲಿ ನೇರ ನಡೆದುಹೋದರು. ತಂಗಿ ಮೇಸ್ತ್ರಿಯನ್ನು ಕೇಳಿದಳು: “ಒಂದೇ ಒಂದು ವಾರ ಬಿಡಿ. ಗಿಡದಲ್ಲಿ ಕಾಯಿ ಇದೆ. ಹಣ್ಣಾಗಲಿ, ಬೀಜ ತಗೊಳ್ತೀನಿ.”

“ಇವತ್ತೇ ಮುಗಿಸಿ ಅಂದಿದ್ದಾರಮ್ಮ,” ಅಂದ ಮೇಸ್ತ್ರಿ. ಅವನ ದನಿಯಲ್ಲಿ ಗಡಸಿರಲಿಲ್ಲ. “ನೀವು ಆ ಕಡೆ ಸಾಲಿಂದ ಕಿತ್ಕೊಳ್ತಾ ಹೋಗಿ. ನಾವು ಈ ಕಡೆಯಿಂದ ಬರ್ತೀವಿ. ನಿಧಾನಕ್ಕೇ ಬರ್ತೀವಿ.”

ಪರಂಗಿಯ ಕಾಂಡ ಮೆತ್ತಗೆ, ಒಳಗೆ ಟೊಳ್ಳು. ಮಚ್ಚಿನ ಮೂರು ಏಟಿಗೆ ಮಡಿಚಿಕೊಂಡು ಬೀಳುತ್ತದೆ. ಅವರು ಒಂದು ತುದಿಯಿಂದ ಕಡಿಯುತ್ತ ಬಂದರು, ನಾವಿಬ್ಬರು ಇನ್ನೊಂದು ತುದಿಯಿಂದ ಓಡಾಡುತ್ತ, ತುದಿ ಹಳದಿಗೆ ತಿರುಗಿದ ಕಾಯಿಗಳನ್ನಷ್ಟೇ ಕಿತ್ತು ನನ್ನ ಸೀರೆಯ ಮಡಿಲಿಗೆ ಹಾಕಿಕೊಂಡೆವು. ಉಳಿದವು ಎಳಸು, ಬೀಜ ಇನ್ನೂ ಬೆಳ್ಳಗೆ. ಹಾಲು ತಗುಲಿ ತಂಗಿಯ ಎರಡೂ ಮುಂಗೈ ಕೆಂಪಗೆ ಉರಿಯುತ್ತಿದ್ದವು, ಒರೆಸಿಕೊಳ್ಳಲಿಲ್ಲ. ಇನ್ನೂರ ಹನ್ನೆರಡು ಗಿಡಗಳಿಂದ ಸಿಕ್ಕಿದ್ದು ಹತ್ತೊಂಬತ್ತು ಕಾಯಿ. ಕೊನೆಯ ಗಿಡ ಬಿದ್ದಾಗ ಅವಳು ಅಳಲಿಲ್ಲ. ಅದರ ಬುಡಕ್ಕೆ ಕಟ್ಟಿದ್ದ ತಗಡಿನ ಚೀಟಿಯನ್ನು ಬಿಚ್ಚಿಕೊಂಡು ಜೇಬಿಗೆ ಹಾಕಿಕೊಂಡಳು. ಮನೆಗೆ ಬಂದು ಕೈ ತೊಳೆಯುವಾಗ, ನಲ್ಲಿಯ ಸದ್ದಿನಲ್ಲಿ, ಅತ್ತಳು. ಆ ಜಾಗದಲ್ಲಿ ಈಗ ತಮ್ಮ ಇಲಾಖೆಯ ವಾಹನಗಳು ನಿಲ್ಲುತ್ತವೆ ಎಂದು ಕೇಳಿದ್ದೇನೆ. ಅವುಗಳಿಗೆ ಗಿಡಹೇನಿನ ಬಾಧೆ ಇಲ್ಲವೆಂದು ನಂಬುತ್ತೇನೆ.

ಆ ಹತ್ತೊಂಬತ್ತು ಕಾಯಿಗಳನ್ನು ಪತ್ರಿಕೆಯಲ್ಲಿ ಸುತ್ತಿ ಮಂಚದ ಕೆಳಗೆ ಇಟ್ಟು ಹಣ್ಣು ಮಾಡಿದೆವು. ಬೀಜ ತೆಗೆದು, ಲೋಳೆ ಹೋಗುವಂತೆ ಬೂದಿಯಲ್ಲಿ ಉಜ್ಜಿ, ನೆರಳಲ್ಲಿ ಒಣಗಿಸಿ ಬಾಟಲಿಗೆ ತುಂಬಿದಳು. ಇದು ಸರ್ಕಾರಿ ಸ್ವತ್ತಿನ ಕಳವು. ಇದನ್ನು ಬರೆಯಬೇಡ ಎಂದು ಮೊದಲು ಹೇಳಿದವಳು ಇವತ್ತು ಬೆಳಿಗ್ಗೆ ನಾನು ಹೊರಡುವಾಗ, “ಬರಿ. ಇಲ್ಲದಿದ್ರೆ ಬೀಜ ಇದೆ ಅಂತ ಅವರಿಗೆ ಹೇಗೆ ಗೊತ್ತಾಗುತ್ತೆ?” ಅಂದಳು. ನಂಜು ಬೀಜದಲ್ಲಿ ಬರುವುದಿಲ್ಲವಂತೆ, ಹೇನಿನ ಬಾಯಲ್ಲಿ ಬರುತ್ತದಂತೆ. ಅಂದರೆ ಆ ಬಾಟಲಿಗಳಲ್ಲಿರುವುದು ಶುದ್ಧವಾದದ್ದು. ರೋಗ ತಗುಲಿದರೂ ಸಿಹಿ ಬಿಡದ ಪರಂಗಿ ಈ ದೇಶದಲ್ಲಿ ಈಗ ನಮ್ಮ ಅಡುಗೆಮನೆಯ ಕಿಟಕಿಯ ಮೇಲೆ ಮಾತ್ರ ಇದೆ.

ಆದರೆ ಪರಂಗಿ ಬೀಜ ಕಾಯುವುದಿಲ್ಲ. ನನ್ನ ಮನಸ್ಸು ನಿಲ್ಲದಿರುವುದು ಇದಕ್ಕೇ. ಎರಡು ವಾರಕ್ಕೊಮ್ಮೆ ಅವಳು ಹತ್ತು ಬೀಜ ತೆಗೆದು ಒದ್ದೆ ಬಟ್ಟೆಯಲ್ಲಿ ಸುತ್ತಿಡುತ್ತಾಳೆ. ಮೊದಲ ಸಲ ಒಂಬತ್ತು ಮೊಳೆತವು. ಎರಡನೇ ಸಲ ಎಂಟು. ಆಮೇಲೆ ಏಳು. ಮೊನ್ನೆ ಬಟ್ಟೆ ಬಿಚ್ಚಿದಾಗ ಐದು. ಟಪಾಲು ವಿಭಾಗದಿಂದ ಬಂದವಳು ಚಪ್ಪಲಿಯಲ್ಲೇ ಹೋಗಿ ಬಟ್ಟೆ ಬಿಚ್ಚುತ್ತಾಳೆ, ನಾನು ಹಿಂದೆ ನಿಂತು ಅವಳ ಭುಜದ ಮೇಲಿಂದ ಎಣಿಸುತ್ತೇನೆ. ಬಲೆಯಿಲ್ಲದೆ ಬಿತ್ತಿದರೆ ಒಂದೇ ತಿಂಗಳಲ್ಲಿ ಹೇನು ಹತ್ತುತ್ತದೆ, ಎಳೆ ಸಸಿಯಾಗಿರುವಾಗಲೇ ನಂಜು ತಗುಲಿದರೆ ಈ ಗಿಡಗಳೂ ತಾಳವಂತೆ. ಬಲೆಗೆ ಕಾಯುತ್ತ ಕೂತರೆ ಬೀಜ ಸಾಯುತ್ತದೆ.

ಆದ್ದರಿಂದ ಕೇಳುತ್ತಿದ್ದೇನೆ. ವಿನಂತಿಯಲ್ಲ, ವಿನಂತಿಯ ಕಾಲ ಮುಗಿಯಿತು. ಹದಿನೈದು ದಿನದೊಳಗೆ ಎಲ್ಲಾದರೂ ಸರಿ, ಒಂದು ತುಂಡು ನೆಲ, ಅದರ ಮೇಲೊಂದು ನವಿರು ಬಲೆ, ಮತ್ತು ನನ್ನ ತಂಗಿಯನ್ನು ಟಪಾಲಿನಿಂದ ಬಿಡಿಸುವ ಒಂದು ಸಾಲಿನ ಆದೇಶ. ತಮ್ಮ ವರದಿಯ ನಲವತ್ತೊಂದು ತಪ್ಪೆಂದು, ಅದನ್ನು ಅಚ್ಚು ಹಾಕಿದಷ್ಟೇ ದೊಡ್ಡ ಅಕ್ಷರದಲ್ಲಿ ಪ್ರಕಟಿಸಿ. ಉಳಿದ ಗೇಟುಗಳಲ್ಲೂ ಎಣಿಸಲು ಹೇಳಿ. ಒಂದು ನೋಟ್‌ಬುಕ್ಕು ಸಾಕು, ಸಮಿತಿ ಬೇಡ.

ನನ್ನ ಮಟ್ಟಿಗೆ ತಮ್ಮ ಅಪ್ಪಣೆಗೆ ಕಾಯುವುದಿಲ್ಲ. ನೋಟಿಸಿಗೆ ಉತ್ತರವೂ ಇದೇ. ಬರುವ ಒಂದನೇ ತಾರೀಕಿನಿಂದ ಉತ್ತರ ಗೇಟಿನಲ್ಲಿ ಪ್ರತಿ ಲಾರಿಯನ್ನೂ ಹೊರಗೆ ಹೋಗುವಾಗಲೂ ತೂಗುತ್ತೇನೆ. ತುಂಬಿಕೊಂಡೇ ಹೊರಟ ಲಾರಿಯ ಗುಲಾಬಿ ಚೀಟಿಯಲ್ಲಿ ಸೊನ್ನೆ ಬರೆಯುತ್ತೇನೆ. ಸೊನ್ನೆಗೆ ಕಾಲಂ ಇದೆ, ನೋಡಿದ್ದೇನೆ. ಗೇಟಿನಲ್ಲಿ ಸಾಲು ಬೆಳೆಯುತ್ತದೆ, ಹಾರನ್ನು ಹೊಡೆಯುತ್ತಾರೆ, ಮಂಡಿಯವರು ಬಂದು ಕೂಗಾಡುತ್ತಾರೆ, ಪ್ರಾಯಶಃ ತಿಂಗಳೊಳಗೆ ನನ್ನ ಕುರ್ಚಿಯಲ್ಲಿ ಬೇರೆಯವರು ಕೂತಿರುತ್ತಾರೆ. ಆದರೆ ಆ ಒಂದು ತಿಂಗಳು ತಮ್ಮ ಗೋಡೆಯ ಮೇಲಿನ ಗೆರೆ ದಬಕ್ಕನೆ ಬೀಳುತ್ತದೆ. ಆಗ ತಾವು ಗಾಬರಿಯಾಗಿ, ದೇಶದ ಪರಂಗಿಗೆ ಇದ್ದಕ್ಕಿದ್ದಂತೆ ಏನಾಯಿತೆಂದು ವಿಚಾರಿಸಲು ಜನರನ್ನು ಓಡಿಸಬೇಡಿ. ಹೊಸದಾಗಿ ಏನೂ ಆಗಿರುವುದಿಲ್ಲ. ಹಣ್ಣು ಹೋಗಿ ಆರು ವರ್ಷವಾಯಿತು. ಸುದ್ದಿ ತಮಗೆ ಆಗಷ್ಟೇ ಮುಟ್ಟಿರುತ್ತದೆ.

ಇಂತಿ,
ಆರು ವರ್ಷ ತಮ್ಮ ಗೆರೆಯನ್ನು ಎತ್ತಿ ಹಿಡಿದು ಈಗ ಕೈಸೋತಿರುವ
ಉತ್ತರ ಗೇಟಿನ ತೂಕದವಳು